ಪಿಕಪ್ ವಾಹನಕ್ಕೆ ಹೆಚ್ಚಿನ ಎಂಜಿನ್ ಶಕ್ತಿ: ಹಾಕಿದ ಹಣ ಹಿಂತಿರುಗುವುದೇ?

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಪಿಕಪ್ ವಾಹನ ನಿಂತಿರುವುದು ಸಾಮಾನ್ಯ ನೋಟವಾಗಿದೆ. ಟೊಮ್ಯಾಟೊ, ಬೀನ್ಸ್, ಕೋಸು, ದಪ್ಪ ಮೆಣಸಿನಕಾಯಿ, ಗುಲಾಬಿ, ಮಾವು ಇವೆಲ್ಲವೂ ಕೊಯ್ಲಾದ ಕೆಲವೇ ಗಂಟೆಗಳಲ್ಲಿ ಮಾರುಕಟ್ಟೆ ಸೇರಬೇಕಾದ ಬೆಳೆಗಳು. ಆದ್ದರಿಂದ ವಾಹನವೂ ನೇಗಿಲು, ಪಂಪ್‌ಸೆಟ್ಟುಗಳಂತೆ ಬೇಸಾಯದ ಉಪಕರಣವೇ ಆಗಿದೆ. ಬೀಜ, ಗೊಬ್ಬರಗಳಿಗೆ ಮಾಡುವ ಖರ್ಚನ್ನು ಹೇಗೆ ತೂಗಿ ನೋಡುತ್ತೇವೆಯೋ ಹಾಗೆಯೇ ವಾಹನದ ಮೇಲಿನ ಖರ್ಚನ್ನೂ ತೂಗಿ ನೋಡುವುದು ಅವಶ್ಯಕ.

ಮಾಲೂರು ತಾಲ್ಲೂಕಿನ ರೈತರೊಬ್ಬರು ಕ್ಷೇತ್ರೋತ್ಸವವೊಂದರಲ್ಲಿ ನನ್ನ ಮುಂದೆ ಒಂದು ಚೀಟಿ ಇಟ್ಟರು. ಅದು ಮಣ್ಣು ಪರೀಕ್ಷೆಯ ಚೀಟಿಯಲ್ಲ, ಗ್ಯಾರೇಜಿನ ಅಂದಾಜು ಪಟ್ಟಿ. ಅವರ ಪಿಕಪ್ಪಿನ ಎಂಜಿನ್ನಿನ ಶಕ್ತಿ ಹೆಚ್ಚಿಸಲು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ, ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಭಾಗಗಳನ್ನು ಬೇರೆ ಮಾಡಲು, ರೂ. 60,000 ಎಂದು ಬರೆದಿತ್ತು. "ಸಾರ್, ಎಳೆತ ಜಾಸ್ತಿ ಆಗ್ತದೆ, ಡೀಸೆಲ್ಲೂ ಉಳೀತದೆ ಅಂತಾರೆ. ಮನೇಲಿ ಒಡವೆ ಅಡ ಇಡೋಣ ಅಂತಿದೀನಿ. ಮಾಡಿಸ್ಲಾ, ಬೇಡ್ವಾ?" ಎಂದರು.

"ಯಜಮಾನರೇ, ನಾನು ಬೆಳೆಯ ವಿಜ್ಞಾನಿ, ಎಂಜಿನ್ ನನ್ನ ವಿಷಯವಲ್ಲ" ಎಂದೆ. "ಗೊಬ್ಬರ ಹಾಕಿದ್ರೆ ಗಿಟ್ಟುತ್ತೋ ಇಲ್ವೋ ಅಂತ ಲೆಕ್ಕ ಹೇಳಿಕೊಡ್ತೀರಲ್ಲ, ಅದೇ ಲೆಕ್ಕ ಇದಕ್ಕೂ ಹಾಕಿ" ಎಂದರು. ಅವರ ಮಾತು ಸರಿಯಾಗಿತ್ತು. ಬೇಸಾಯ ಶಾಸ್ತ್ರದಲ್ಲಿ ನಾವು ಬಳಸುವ ಮೂರು ವಿಧಾನಗಳು ಈ ಪ್ರಶ್ನೆಗೂ ಉತ್ತರ ಕೊಡುತ್ತವೆ. ಅವನ್ನು ಇಲ್ಲಿ ವಿವರಿಸಲಾಗಿದೆ.

ಕೊರತೆ ಎಲ್ಲಿದೆ ಎಂಬುದನ್ನು ಮೊದಲು ತಿಳಿಯಿರಿ

ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಪ್ರಚುರಪಡಿಸಿದ ಒಂದು ನಿಯಮವಿದೆ. ಬೆಳೆಗೆ ಬೇಕಾದ ಪೋಷಕಾಂಶಗಳಲ್ಲಿ ಯಾವುದು ಅತ್ಯಂತ ಕೊರತೆಯಲ್ಲಿದೆಯೋ ಅದೇ ಇಳುವರಿಯ ಮಿತಿಯನ್ನು ನಿರ್ಧರಿಸುತ್ತದೆ. ಸತು ಇಲ್ಲದ ಹೊಲಕ್ಕೆ ಎಷ್ಟು ಯೂರಿಯಾ ಸುರಿದರೂ ಇಳುವರಿ ಏರದು. ನಮ್ಮ ಜಿಲ್ಲೆಯ ರೈತರು ಇದನ್ನು ಕೊಳವೆ ಬಾವಿಯಲ್ಲಿ ಕಣ್ಣಾರೆ ಕಂಡಿದ್ದಾರೆ. ಬಾವಿಯಲ್ಲಿ ನೀರಿನ ಸೆಲೆ ಕುಗ್ಗಿದಾಗ 5 ಅಶ್ವಶಕ್ತಿಯ ಮೋಟರು ತೆಗೆದು ಏಳೂವರೆ ಅಶ್ವಶಕ್ತಿಯದನ್ನು ಇಳಿಸಿದರೆ, ನೀರು ಹೆಚ್ಚುವುದಿಲ್ಲ. ಇದ್ದ ನೀರು ಬೇಗ ಖಾಲಿಯಾಗುತ್ತದೆ, ಅಷ್ಟೆ.

ಪಿಕಪ್ಪಿನ ವಿಷಯದಲ್ಲೂ ಮೊದಲ ಪ್ರಶ್ನೆ ಇದೇ: ನಿಮಗೆ ನಷ್ಟವಾಗುತ್ತಿರುವುದು ಎಂಜಿನ್ನಿನ ಶಕ್ತಿ ಸಾಲದೆಯೋ, ಅಥವಾ ಬೇರೆ ಕಾರಣದಿಂದಲೋ?

ಎಷ್ಟು ಶಕ್ತಿ ಬೇಕು ಎಂಬುದನ್ನು ಲೆಕ್ಕ ಹಾಕಬಹುದು. ವಾಹನ ಮತ್ತು ಹೊರೆ ಸೇರಿ ಒಟ್ಟು 3,000 ಕಿ.ಗ್ರಾಂ ತೂಕವೆಂದು ಇಟ್ಟುಕೊಳ್ಳೋಣ. ಮಟ್ಟಸವಾದ ಟಾರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸಾಗಲು, ಚಕ್ರ ಉರುಳುವಾಗಿನ ತಡೆ, ಗಾಳಿಯ ತಡೆ, ಗೇರುಗಳಲ್ಲಿ ಆಗುವ ನಷ್ಟ ಇವೆಲ್ಲವನ್ನೂ ಸೇರಿಸಿದರೂ ಸುಮಾರು 12 ಅಶ್ವಶಕ್ತಿ ಸಾಕು. ಇಪ್ಪತ್ತು ಅಡಿ ಸಾಗಿದರೆ ಒಂದು ಅಡಿ ಏರುವಂಥ ದಿಣ್ಣೆಯನ್ನು 40 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 33 ಅಶ್ವಶಕ್ತಿ ಬೇಕು. ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಒಂದೂಕಾಲು ಟನ್ನಿನ ಮೇಲ್ಪಟ್ಟ ಡೀಸೆಲ್ ಪಿಕಪ್‌ಗಳ ಎಂಜಿನ್ನಿಗೆ 70 ಅಶ್ವಶಕ್ತಿಯ ಆಸುಪಾಸಿನ ಅಥವಾ ಅದಕ್ಕೂ ಮೀರಿದ ಶಕ್ತಿ ಇರುತ್ತದೆ. ಅಂದರೆ ನಿಗದಿತ ಹೊರೆಯಲ್ಲಿ ಶಕ್ತಿಗೆ ಬರವಿಲ್ಲ.

ಊರಿನ ನೆಲವನ್ನೂ ಗಮನಿಸಿ. ಮಾಲೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ನಡುವೆ ಕೆರೆಯ ಏರಿ, ಸೇತುವೆ, ಸಣ್ಣ ದಿಣ್ಣೆಗಳಿವೆಯೇ ಹೊರತು ಘಟ್ಟವಿಲ್ಲ. ಘಟ್ಟ ಸಿಗುವುದು ಮುಳಬಾಗಿಲು ದಾಟಿ, ಆಂಧ್ರದ ಪಲಮನೇರಿನಿಂದ ಚಿತ್ತೂರಿನತ್ತ ಹೋಗುವಾಗ. ಆದರೆ ಅಲ್ಲಿ ನಮ್ಮ ಮಾಲು ತುಂಬಿದ ವಾಹನ ಇಳಿಯುತ್ತದೆ, ಖಾಲಿ ವಾಹನ ಏರುತ್ತದೆ. ಇಳಿಯುವ ವಾಹನಕ್ಕೆ ಬೇಕಾದುದು ಒಳ್ಳೆಯ ಬ್ರೇಕು, ದೊಡ್ಡ ಎಂಜಿನ್ ಅಲ್ಲ.

ಹಾಗಾದರೆ "ಎಳೆತ ಇಲ್ಲ" ಎಂದು ಅನಿಸುವುದೇಕೆ? ಕಾರಣಗಳು ಸಾಮಾನ್ಯವಾಗಿ ಇವು: ನಿಗದಿಗಿಂತ ಹೆಚ್ಚಿನ ಹೊರೆ, ಗಾಳಿ ಕಡಿಮೆಯಾದ ಟೈರು, ಪೂರ್ತಿ ಬಿಡದೆ ಹಿಡಿದುಕೊಂಡಿರುವ ಬ್ರೇಕು, ಧೂಳು ಕಟ್ಟಿದ ಏರ್ ಫಿಲ್ಟರ್, ಕೊಳೆ ಕಟ್ಟಿದ ಡೀಸೆಲ್ ಫಿಲ್ಟರ್, ಸವೆದ ಇಂಜೆಕ್ಟರು, ಜಾರುವ ಕ್ಲಚ್ಚು. ಇಟ್ಟಿಗೆ ಗೂಡುಗಳ ಕೆಂಪು ಧೂಳಿನ ನಡುವೆ ಓಡಾಡುವ ಮಾಲೂರಿನ ವಾಹನಗಳಿಗೆ ಏರ್ ಫಿಲ್ಟರಿನ ತೊಂದರೆ ಸಹಜ. ಡೀಸೆಲ್ ಉರಿಯಲು ಗಾಳಿ ಬೇಕು. ಗಾಳಿ ಸಾಲದ ಎಂಜಿನ್ನಿಗೆ ಹೆಚ್ಚು ಡೀಸೆಲ್ ಕೊಟ್ಟರೆ ಅದು ಶಕ್ತಿಯಾಗುವುದಿಲ್ಲ, ಕಪ್ಪು ಹೊಗೆಯಾಗುತ್ತದೆ.

ಆಯವ್ಯಯ ಹಾಕುವ ಕ್ರಮ

ಹೊಸ ಪದ್ಧತಿಯೊಂದನ್ನು ರೈತರಿಗೆ ಶಿಫಾರಸು ಮಾಡುವ ಮೊದಲು ನಾವು ಭಾಗಶಃ ಆಯವ್ಯಯ ಎಂಬ ಲೆಕ್ಕ ಹಾಕುತ್ತೇವೆ. ಇದರಲ್ಲಿ ಇಡೀ ಬೇಸಾಯದ ಖರ್ಚನ್ನು ಬರೆಯಬೇಕಾಗಿಲ್ಲ. ಬದಲಾವಣೆಯಿಂದ ವ್ಯತ್ಯಾಸವಾಗುವ ಅಂಶಗಳನ್ನು ಮಾತ್ರ ಬರೆದರೆ ಸಾಕು. ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಹೆಚ್ಚುವ ಆದಾಯ ಮತ್ತು ಉಳಿಯುವ ಖರ್ಚು, ಬಲಕ್ಕೆ ಹೆಚ್ಚುವ ಖರ್ಚು ಮತ್ತು ತಪ್ಪಿಹೋಗುವ ಆದಾಯ.

ಮೇಲೆ ಹೇಳಿದ ರೈತರ ಲೆಕ್ಕವನ್ನು ಮಾದರಿಯಾಗಿ ತೆಗೆದುಕೊಳ್ಳೋಣ. ವರ್ಷಕ್ಕೆ 200 ಸಲ ಮಾರುಕಟ್ಟೆಗೆ ಹೋಗುತ್ತಾರೆ. ಹೋಗಿಬರಲು 90 ಕಿ.ಮೀ. ಒಟ್ಟು 18,000 ಕಿ.ಮೀ. ಲೀಟರಿಗೆ 12 ಕಿ.ಮೀ. ಓಡಿದರೆ 1,500 ಲೀಟರ್ ಡೀಸೆಲ್ ಬೇಕು. ಲೀಟರಿಗೆ ರೂ. 90 ಎಂದು ಹಿಡಿಯೋಣ. ಗ್ಯಾರೇಜಿನವರು ಹೇಳುವಂತೆ ಶೇ. 10ರಷ್ಟು ಮೈಲೇಜ್ ಏರಿ 13.2 ಕಿ.ಮೀ. ಆಯಿತೆಂದೇ ಒಪ್ಪೋಣ. ವೇಗವೂ ಸರಾಸರಿ 50ರಿಂದ 55 ಕಿ.ಮೀ.ಗೆ ಏರಿತೆಂದು ಒಪ್ಪೋಣ.

ಎಡಭಾಗ, ವರ್ಷಕ್ಕೆ:
ಡೀಸೆಲ್ ಉಳಿತಾಯ 136 ಲೀಟರ್: ರೂ. 12,270.
ಸಮಯದ ಉಳಿತಾಯ: 45 ಕಿ.ಮೀ. ದಾರಿಗೆ 5 ನಿಮಿಷದಂತೆ ವರ್ಷಕ್ಕೆ 33 ಗಂಟೆ, ಗಂಟೆಗೆ ರೂ. 100ರಂತೆ ರೂ. 3,300.
ಒಟ್ಟು: ರೂ. 15,570.

ಬಲಭಾಗ, ವರ್ಷಕ್ಕೆ:
ರೂ. 60,000 ಬಂಡವಾಳವನ್ನು 4 ವರ್ಷಕ್ಕೆ ಹಂಚಿದರೆ: ರೂ. 15,000.
ಶೇ. 10ರ ಬಡ್ಡಿ, ಸರಾಸರಿ ರೂ. 30,000 ಅಸಲಿನ ಮೇಲೆ: ರೂ. 3,000.
ಕ್ಲಚ್ಚು, ಆಯಿಲ್ ಮುಂತಾದವುಗಳ ಹೆಚ್ಚಿನ ಸವೆತ: ರೂ. 2,000.
ವಾಹನ ಗ್ಯಾರೇಜಿನಲ್ಲಿ ನಿಂತ 3 ದಿನಗಳ ನಷ್ಟ ರೂ. 3,000ವನ್ನು 4 ವರ್ಷಕ್ಕೆ ಹಂಚಿದರೆ: ರೂ. 750.
ಒಟ್ಟು: ರೂ. 20,750.

ಅಂದರೆ ಹೇಳಿದ ಲಾಭವೆಲ್ಲ ನಿಜವಾಗಿ ಬಂದರೂ ವರ್ಷಕ್ಕೆ ರೂ. 5,180 ನಷ್ಟ. ಇಲ್ಲಿ ಇನ್ನೊಂದು ಮಾತು. ವೇಗದ ಲಾಭ ಮತ್ತು ಡೀಸೆಲ್ಲಿನ ಲಾಭ ಎರಡನ್ನೂ ಒಟ್ಟಿಗೆ ಹಿಡಿದಿರುವುದೇ ಉದಾರತೆ. ವೇಗ ಏರಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. ಅದೇ 3,000 ಕಿ.ಗ್ರಾಂ ವಾಹನವನ್ನು 80 ಕಿ.ಮೀ. ವೇಗದಲ್ಲಿ ಓಡಿಸಲು 12ರ ಬದಲು ಸುಮಾರು 30 ಅಶ್ವಶಕ್ತಿ ಬೇಕಾಗುತ್ತದೆ. ಪ್ರತಿ ಕಿಲೋಮೀಟರಿಗೆ ಎಂಜಿನ್ ಮಾಡಬೇಕಾದ ಕೆಲಸ ಒಂದೂವರೆ ಪಟ್ಟನ್ನು ಮೀರುತ್ತದೆ. ಹೆಚ್ಚಿನ ಶಕ್ತಿ ಕೈಗೆ ಸಿಕ್ಕಿದ ಚಾಲಕ ಅದನ್ನು ಬಳಸದೆ ಬಿಡುವುದು ಅಪರೂಪ.

ಈಗ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡೋಣ. ವಾಹನ ಸದ್ಯಕ್ಕೆ ಲೀಟರಿಗೆ 11 ಕಿ.ಮೀ. ಮಾತ್ರ ಕೊಡುತ್ತಿದೆ ಎನ್ನಿ. ಫಿಲ್ಟರ್, ಬ್ರೇಕ್, ಇಂಜೆಕ್ಟರ್ ತಪಾಸಣೆ, ಚಕ್ರಗಳ ಅಲೈನ್‌ಮೆಂಟ್ ಎಲ್ಲಕ್ಕೂ ವರ್ಷಕ್ಕೆ ರೂ. 8,000 ಖರ್ಚು ಮಾಡಿ 12 ಕಿ.ಮೀ.ಗೆ ತಂದರೆ, ಉಳಿಯುವ ಡೀಸೆಲ್ ಅಷ್ಟೇ 136 ಲೀಟರ್, ಅಷ್ಟೇ ರೂ. 12,270. ಹಾಕಿದ ಒಂದು ರೂಪಾಯಿಗೆ ಒಂದೂವರೆ ರೂಪಾಯಿ ಅದೇ ವರ್ಷ ಕೈಸೇರುತ್ತದೆ. ಹೊಸ ಬೇಸಾಯ ಪದ್ಧತಿಯ ವಿಷಯದಲ್ಲೂ ಹಾಕಿದ ಹೆಚ್ಚುವರಿ ರೂಪಾಯಿಗೆ ಒಂದೂವರೆಯಿಂದ ಎರಡು ರೂಪಾಯಿ ಹಿಂತಿರುಗದಿದ್ದರೆ ಶಿಫಾರಸು ಮಾಡಲು ನಾವು ಹಿಂಜರಿಯುತ್ತೇವೆ. ವಾಹನಕ್ಕೂ ಅದೇ ಅಳತೆಗೋಲು ಇರಲಿ.

ಮೇಲಿನ ಅಂಕಿಗಳು ಮಾದರಿ ಮಾತ್ರ. ನಿಮ್ಮ ಓಡಾಟ, ನಿಮ್ಮ ಸಾಲದ ಬಡ್ಡಿ, ನಿಮ್ಮ ಗ್ಯಾರೇಜಿನ ಬೆಲೆ ಹಾಕಿ ಲೆಕ್ಕ ಮಾಡಿಕೊಳ್ಳಿ. ಸಮಯದ ಉಳಿತಾಯ ಬಿಟ್ಟು ಡೀಸೆಲ್ ಒಂದರಿಂದಲೇ ಈ ಖರ್ಚು ಗಿಟ್ಟಬೇಕಾದರೆ ವರ್ಷಕ್ಕೆ 30,000 ಕಿ.ಮೀ.ಗೂ ಹೆಚ್ಚು ಓಡಬೇಕು, ಅದೂ ಶೇ. 10ರ ಉಳಿತಾಯ ನಿಜವಾಗಿದ್ದರೆ.

ಹೇಳಿಕೆಯನ್ನು ಪರೀಕ್ಷಿಸುವ ಬಗೆ

ಶೇ. 10ರ ಉಳಿತಾಯ ನಿಜವೇ ಎಂದು ತಿಳಿಯುವುದು ಹೇಗೆ? ತಳಿ ಪರೀಕ್ಷೆಯಲ್ಲಿ ಒಂದೇ ತಾಕಿನ ಇಳುವರಿ ನೋಡಿ ನಾವು ತೀರ್ಮಾನಿಸುವುದಿಲ್ಲ. ಪುನರಾವರ್ತನೆ ಬೇಕು, ಹೋಲಿಕೆಯ ತಾಕು ಬೇಕು. "ಪಕ್ಕದ ಊರಿನವರ ಗಾಡಿ ಎರಡು ಕಿಲೋಮೀಟರ್ ಜಾಸ್ತಿ ಕೊಡ್ತಿದೆ" ಎಂಬುದು ಪರೀಕ್ಷೆಯಲ್ಲ.

ಟ್ಯಾಂಕನ್ನು ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ ಪೂರ್ತಿ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿ. ಓಡಿದ ಕಿಲೋಮೀಟರನ್ನು ತುಂಬಿದ ಲೀಟರಿನಿಂದ ಭಾಗಿಸಿ. ಹೀಗೆ ಕನಿಷ್ಠ ಐದು ಸಲ ಮಾಡಿ. ದಾರಿ, ಚಾಲಕ, ಹೊರೆ ಇವು ಆದಷ್ಟೂ ಒಂದೇ ಆಗಿರಲಿ. ಪ್ರತಿ ಸಲದ ಹೊರೆಯನ್ನೂ ಬರೆಯಿರಿ. ಐದು ಅಳತೆಗಳು 11ರಿಂದ 12.5ರವರೆಗೆ ಹರಡಿಕೊಂಡಿದ್ದರೆ, ಕೆಲಸ ಮಾಡಿಸಿದ ಮೇಲೆ ಒಂದು ಸಲ 12.4 ಬಂದುದು ಸಾಧನೆಯೇನೂ ಅಲ್ಲ. ಅದು ಮೊದಲೂ ಬರುತ್ತಿತ್ತು. ನಂತರದ ಐದು ಅಳತೆಗಳೂ ಮೊದಲಿನವುಗಳಿಗಿಂತ ಸ್ಪಷ್ಟವಾಗಿ ಮೇಲಿದ್ದರೆ ಮಾತ್ರ ಲಾಭವೆಂದು ತಿಳಿಯಿರಿ.

ಹೆಚ್ಚು ಹೊರೆ ಹೇರುವ ಆಸೆ

ಬಹುಪಾಲು ರೈತರು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿರುವ ಲೆಕ್ಕ ಬೇರೆ. ಎಂಜಿನ್ ಬಲವಾದರೆ 80 ಕ್ರೇಟುಗಳ ಬದಲು 120 ಕ್ರೇಟು ಹೇರಬಹುದು ಎಂಬುದು. 15 ಕಿ.ಗ್ರಾಂ ಟೊಮ್ಯಾಟೊ ಹಿಡಿಯುವ 80 ಕ್ರೇಟುಗಳಲ್ಲಿ ಹಣ್ಣೇ 1,200 ಕಿ.ಗ್ರಾಂ. 120 ಕ್ರೇಟುಗಳಲ್ಲಿ 1,800 ಕಿ.ಗ್ರಾಂ, ಕ್ರೇಟಿನ ತೂಕ ಬೇರೆ. ಆದರೆ ವಾಹನದ ಹೊರೆಯನ್ನು ನಿಗದಿಪಡಿಸುವುದು ಎಂಜಿನ್ ಒಂದೇ ಅಲ್ಲ. ಅಚ್ಚು, ಸ್ಪ್ರಿಂಗ್ ಪಟ್ಟಿ, ಟೈರು ಮತ್ತು ಬ್ರೇಕು ಅದನ್ನು ನಿರ್ಧರಿಸುತ್ತವೆ. ಎಂಜಿನ್ ಬದಲಾಯಿಸಿದರೆ ಈ ನಾಲ್ಕೂ ಹಳೆಯವೇ ಉಳಿಯುತ್ತವೆ. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ನಸುಕಿನಲ್ಲಿ ವಾಹನವನ್ನು ನಿಲ್ಲಿಸಬೇಕಾದಾಗ ಎಂಜಿನ್ನಿನ ಬಲ ಕೆಲಸಕ್ಕೆ ಬಾರದು. ಕ್ರೇಟಿನ ಮೇಲೆ ಕ್ರೇಟು ಒತ್ತಿ ಹೇರಿದ ಹಣ್ಣು ಜಜ್ಜಿಹೋಗಿ ಹರಾಜಿನಲ್ಲಿ ಬೆಲೆ ಇಳಿಯುವ ನಷ್ಟವೂ ಉಂಟು.

ವರ್ಷದಲ್ಲಿ ಹತ್ತು ಹನ್ನೆರಡು ದಿನ ಮಾತ್ರ ಮಾಲು ಹೆಚ್ಚಾಗುವುದಾದರೆ, ಆ ದಿನಗಳಿಗೆ ಬಾಡಿಗೆ ವಾಹನ ಮಾಡುವುದು ಅಥವಾ ಪಕ್ಕದ ರೈತರೊಡನೆ ಸೇರಿ ದೊಡ್ಡ ಲಾರಿ ಮಾಡುವುದು ಅಗ್ಗ. ದಿನಕ್ಕೆ ರೂ. 2,000ದಂತೆ ಹನ್ನೆರಡು ದಿನಕ್ಕೆ ರೂ. 24,000 ಆದರೂ, ಆ ಖರ್ಚು ಮಾಲು ಇದ್ದಾಗ ಮಾತ್ರ ಬರುತ್ತದೆ. ಬೆಲೆ ಕುಸಿದು ಹಣ್ಣನ್ನು ಹೊಲದಲ್ಲೇ ಬಿಡಬೇಕಾದ ವರ್ಷ ಬಾಡಿಗೆಯ ಹಂಗಿಲ್ಲ, ಆದರೆ ಸಾಲದ ಬಡ್ಡಿ ನಿಲ್ಲುವುದಿಲ್ಲ.

ಕಾನೂನು ಹೇಳುವುದೇನು?

1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ ರೂ. 5,000 ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಬಹುದು. ಮಿತಿಮೀರಿದ ಹೊರೆಗೆ ಕಾಯಿದೆಯಲ್ಲಿ ರೂ. 20,000 ಮತ್ತು ಪ್ರತಿ ಹೆಚ್ಚುವರಿ ಟನ್ನಿಗೆ ರೂ. 2,000 ದಂಡವನ್ನು ಹೇಳಲಾಗಿದೆ. 2020ರ ಏಪ್ರಿಲ್ 1ರಿಂದ ಮಾರಾಟವಾಗುತ್ತಿರುವ ಬಿ.ಎಸ್.-6 ವಾಹನಗಳಲ್ಲಿ ಹೊಗೆ ಶುದ್ಧೀಕರಿಸುವ ಭಾಗಗಳಿವೆ. ಶಕ್ತಿ ಹೆಚ್ಚಿಸುವ ಹೆಸರಿನಲ್ಲಿ ಇವನ್ನು ತೆಗೆಸುವುದು ಅಪರಾಧ. ವಾರಂಟಿ ಕೈತಪ್ಪಬಹುದು. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಇವೂ ಹಾಳೆಯ ಬಲಭಾಗಕ್ಕೆ ಸೇರುವ ಅಂಶಗಳೇ.

ಖರ್ಚು ಮಾಡುವುದು ಯಾವಾಗ ಸರಿ?

ಎಂಜಿನ್ನಿಗೆ ಹಣ ಹಾಕಲೇಬಾರದು ಎಂದು ಇದರ ಅರ್ಥವಲ್ಲ. ನೀಲಿ ಹೊಗೆ, ಮತ್ತೆ ಮತ್ತೆ ಆಯಿಲ್ ತುಂಬಬೇಕಾಗುವುದು, ಬೆಳಿಗ್ಗೆ ಸ್ಟಾರ್ಟ್ ಆಗಲು ತಡ, ಇವು ಎಂಜಿನ್ ಒಳಗೆ ಸವೆದಿರುವ ಲಕ್ಷಣಗಳು. ಆಗ ಮೊದಲು ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಸವೆತ ಖಚಿತವಾದರೆ ಬೋರಿಂಗ್ ಮತ್ತು ರಿಂಗ್ ಬದಲಾವಣೆ ಮಾಡಿಸುವುದು ಶಕ್ತಿ ಹೆಚ್ಚಿಸುವ ಕೆಲಸವಲ್ಲ, ಕಳೆದುಹೋದ ಶಕ್ತಿಯನ್ನು ಮರಳಿ ತರುವ ಕೆಲಸ. ಆದರೆ ಅದಕ್ಕೂ ಲೆಕ್ಕ ಬೇಕು. ರಿಪೇರಿಗೆ ಮುಂಚೆ ವಾಹನಕ್ಕೆ ಎಷ್ಟು ಬೆಲೆ ಬರುತ್ತದೆ, ರಿಪೇರಿಯ ನಂತರ ಎಷ್ಟು, ಇನ್ನೆಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದು ಬರೆಯಿರಿ. ಸಾಗಣೆ ವಾಹನಕ್ಕೆ ಎಂಟು ವರ್ಷ ತುಂಬಿದ ಮೇಲೆ ಅರ್ಹತಾ ಪತ್ರವನ್ನು ಪ್ರತಿ ವರ್ಷ ಮಾಡಿಸಬೇಕಾಗುತ್ತದೆ ಎಂಬುದೂ ನೆನಪಿರಲಿ. ಪ್ರತಿ ದಿನವೂ ಹೆಚ್ಚಿನ ಹೊರೆ ಇರುವವರಿಗೆ, ಹಳೆಯದನ್ನು ಮಾರಿ ಹೆಚ್ಚು ಹೊರೆಗೆ ನೋಂದಣಿಯಾದ ವಾಹನ ಕೊಳ್ಳುವುದೇ ಸರಿಯಾದ ದಾರಿ.

ರೈತ ಬಾಂಧವರು ಅನುಸರಿಸಬೇಕಾದ ಕ್ರಮಗಳು

1. ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಗಾಳಿ ಪರೀಕ್ಷಿಸಿ. ಹೊರೆಗೆ ತಕ್ಕ ಒತ್ತಡ ಎಷ್ಟೆಂದು ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಿ.
2. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರಗಳ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಆ ಬ್ರೇಕು ಹಿಡಿದುಕೊಂಡಿದೆ ಎಂದು ಶಂಕಿಸಬೇಕು.
3. ಧೂಳಿನ ದಾರಿಯಲ್ಲಿ ಓಡಾಡುವವರು ಏರ್ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಮುಂಚೆಯೇ ನೋಡಿಸಿ.
4. ಹೊರೆಯನ್ನು ಆದಷ್ಟು ತಗ್ಗಾಗಿ ಜೋಡಿಸಿ, ಟಾರ್ಪಾಲು ಗಾಳಿಗೆ ಪಟಪಟಿಸದಂತೆ ಬಿಗಿಯಿರಿ.
5. ಹತ್ತು ನಿಮಿಷ ಉಳಿಸಲು ವೇಗ ಹೆಚ್ಚಿಸುವ ಬದಲು ಹತ್ತು ನಿಮಿಷ ಮುಂಚೆ ಹೊರಡಿ. ಮಾರುಕಟ್ಟೆಯ ಬಾಗಿಲಲ್ಲಿ ಕಾಯುವ ಹೊತ್ತು ದಾರಿಯಲ್ಲಿ ಉಳಿಸಿದ ಹೊತ್ತಿಗಿಂತ ಬಹಳ ಹೆಚ್ಚು.
6. ಸಾಲ ಮಾಡುವ ಮೊದಲು ಐದು ಸಲದ ಟ್ಯಾಂಕ್ ಅಳತೆ ಮತ್ತು ಒಂದು ಹಾಳೆಯ ಆಯವ್ಯಯ ಕೈಯಲ್ಲಿರಲಿ.

ಚೀಟಿ ತಂದಿದ್ದ ರೈತರು ಅಳತೆ ಮಾಡಿ ಬರೆದುಕೊಂಡು ಎರಡು ತಿಂಗಳ ನಂತರ ಬಂದರು. ಮೊದಲ ಐದು ಅಳತೆಗಳ ಸರಾಸರಿ ಲೀಟರಿಗೆ 11 ಕಿ.ಮೀ. ಇತ್ತು. ಹಿಂದಿನ ಎಡ ಚಕ್ರದ ಬ್ರೇಕು ಬಿಡುತ್ತಿರಲಿಲ್ಲ, ಏರ್ ಫಿಲ್ಟರು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವೆರಡನ್ನೂ ಸರಿಪಡಿಸಿದ ಮೇಲಿನ ಐದೂ ಅಳತೆಗಳು 11.8ಕ್ಕಿಂತ ಮೇಲಿದ್ದವು. ಒಡವೆ ಮನೆಯಲ್ಲೇ ಉಳಿಯಿತು. "ಆದ್ರೂ ಸಾರ್, ಕೆರೆ ಏರಿ ಹತ್ತುವಾಗ ಪಕ್ಕದೂರಿನವರ ಗಾಡಿ ನನ್ನನ್ನ ದಾಟ್ಕೊಂಡೇ ಹೋಗ್ತದೆ" ಎಂದರು. ಹೋಗಲಿ ಬಿಡಿ ಎಂದೆ. ಮಾರುಕಟ್ಟೆಯಲ್ಲಿ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುವವರು.